ಯಾರ ನೆಲದ ಮೇಲೆ ಆ ಪುಟ್ಟ ಮನೆ?



ಮಕ್ಕಳ ಸಾಹಿತ್ಯದ ಬಗ್ಗೆ ಮಾತನಾಡಿ ಎಂದು ಕೇಳಿದ ಸಮಿತಿಯವರು ವಿಷಯದ ಆಯ್ಕೆಯನ್ನು ನನಗೇ ಬಿಟ್ಟರು. ನಾನು ಆರಿಸಿಕೊಂಡದ್ದು ಅಮೆರಿಕದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಬಟ್ಟೆ ಹೊದಿಸಿದ ಗಾಡಿ ಕಟ್ಟಿಕೊಂಡು ಪಶ್ಚಿಮಕ್ಕೆ ಹೊರಟು, ಕಾಡು ಕಡಿದು, ಹುಲ್ಲುಗಾವಲು ಉತ್ತು ನೆಲೆನಿಂತ ಕುಟುಂಬಗಳನ್ನು ಆ ದೇಶ ಪಯನೀಯರ್‌ಗಳು ಎಂದು ಕರೆಯುತ್ತದೆ. ಶಾಲೆಗೆ ಹೋಗದೆ ಮನೆಯಲ್ಲೇ ಕಲಿಯುವ ಮಕ್ಕಳಿಗೆ ಈ ಬದುಕನ್ನು ಇತಿಹಾಸದ ಪಾಠವಾಗಿ ಕಲಿಸುವಾಗ ಯಾವ ಕಥೆಪುಸ್ತಕಗಳನ್ನು ಕೈಗೆ ಕೊಡಬೇಕು? ಅಮೆರಿಕದ ಒಂದು ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಮಕ್ಕಳ ವಿಭಾಗ ನೋಡಿಕೊಂಡಿದ್ದ ನನಗೆ ತಾಯಂದಿರು ಮತ್ತೆ ಮತ್ತೆ ಕೇಳುತ್ತಿದ್ದ ಪ್ರಶ್ನೆ ಇದು. ಕೇಳುವವರಲ್ಲಿ ಕನ್ನಡದ ಮನೆಯವರೂ ಇರುತ್ತಿದ್ದರು. ಈಗ ಬೆಂಗಳೂರಿನಲ್ಲಿ ಹೋಮ್‌ಸ್ಕೂಲಿಂಗ್ ಆರಿಸಿಕೊಂಡವರಲ್ಲಿ ಕೆಲವರು ಅಮೆರಿಕದ ಪಠ್ಯಕ್ರಮವನ್ನೇ ತರಿಸಿಕೊಳ್ಳುವುದರಿಂದ ಅದೇ ಪುಸ್ತಕಗಳು ಇಲ್ಲಿನ ಮನೆಗಳಿಗೂ ಬರುತ್ತಿವೆ. ಇನ್ನು ಲಾರಾ ಇಂಗಲ್ಸ್ ವೈಲ್ಡರ್ ಅಂತೂ ನಮಗೆ ಪರಕೀಯಳಲ್ಲ. ಎಸ್. ಅನಂತನಾರಾಯಣ ಅವರ ಅನುವಾದದಲ್ಲಿ ಆಕೆಯ ಕಾಡು, ಹುಲ್ಲುಗಾವಲು, ಪುಟ್ಟ ಮನೆಗಳನ್ನು ಕನ್ನಡದಲ್ಲೇ ಓದಿ ಬೆಳೆದವರು ಈ ಸಭೆಯಲ್ಲೂ ಇದ್ದೀರಿ.

1862ರ ಮೇ 20ರಂದು ಅಬ್ರಹಾಂ ಲಿಂಕನ್ ಸಹಿ ಹಾಕಿದ ಹೋಮ್‌ಸ್ಟೆಡ್ ಕಾಯ್ದೆ, ಅರ್ಜಿ ಹಾಕಿದವರಿಗೆ 160 ಎಕರೆ ಜಮೀನು ಕೊಡುತ್ತೇನೆ ಎಂದಿತು. ಐದು ವರ್ಷ ಅಲ್ಲೇ ವಾಸವಿರಬೇಕು, ಮನೆ ಕಟ್ಟಬೇಕು, ಉಳಬೇಕು; ಆಮೇಲೆ ಒಂದಿಷ್ಟು ಶುಲ್ಕ ಕಟ್ಟಿದರೆ ಪಟ್ಟಾ ಕೈಗೆ. ಸುಮಾರು 16 ಲಕ್ಷ ಅರ್ಜಿದಾರರಿಗೆ ಹೀಗೆ ಪಟ್ಟಾ ಸಿಕ್ಕಿತು. ಸುಮಾರು 27 ಕೋಟಿ ಎಕರೆ, ಎಂದರೆ ಆ ದೇಶದ ನೆಲದಲ್ಲಿ ಹತ್ತರಲ್ಲೊಂದು ಪಾಲು, ಸರ್ಕಾರದ ಕೈಯಿಂದ ಜನರ ಕೈಗೆ ಹೋಯಿತು. ಅದು ಸರ್ಕಾರದ ಕೈಗೆ ಬಂದದ್ದಾದರೂ ಹೇಗೆ? ಪಯನೀಯರ್ ಬದುಕಿನ ಬಹುಪಾಲು ಮಕ್ಕಳ ಪುಸ್ತಕಗಳು ಈ ಪ್ರಶ್ನೆಯನ್ನು ಕೇಳುವುದೇ ಇಲ್ಲ. ನನ್ನ ಮಾತೆಲ್ಲ ಅದರ ಸುತ್ತಲೇ.

ಮನೆಶಾಲೆಯ ಹಿನ್ನೆಲೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಜಾನ್ ಹೋಲ್ಟ್ ಎಂಬ ಶಿಕ್ಷಣ ಚಿಂತಕರು 1977ರಲ್ಲಿ ಶಾಲೆಯಿಲ್ಲದೆ ಬೆಳೆಯುವ ಮಕ್ಕಳಿಗಾಗಿ ಒಂದು ಪತ್ರಿಕೆ ಆರಂಭಿಸಿದರು. 1993ರ ಹೊತ್ತಿಗೆ ಮನೆಯಲ್ಲಿ ಕಲಿಸುವುದು ಅಮೆರಿಕದ ಐವತ್ತೂ ರಾಜ್ಯಗಳಲ್ಲಿ ಕಾನೂನುಬದ್ಧವಾಗಿತ್ತು. ಈ ಕುಟುಂಬಗಳಲ್ಲಿ ಹಲವರು ನೆಚ್ಚಿಕೊಂಡಿರುವುದು ಇಂಗ್ಲೆಂಡಿನ ಶಾರ್ಲೆಟ್ ಮೇಸನ್ ಅವರ ವಿಧಾನವನ್ನು. 1923ರಲ್ಲಿ ತೀರಿಕೊಂಡ ಆಕೆ ಒಣ ಪಠ್ಯಪುಸ್ತಕ ಬೇಡ, ಜೀವವಿರುವ ಪುಸ್ತಕ ಕೊಡಿ ಎಂದವರು. ಒಂದು ಭಾಗ ಓದುವುದು, ಪುಸ್ತಕ ಮುಚ್ಚಿ ಮಗು ಅದನ್ನು ತನ್ನ ಮಾತಿನಲ್ಲಿ ಮರಳಿ ಹೇಳುವುದು, ಇಷ್ಟೇ ಪಾಠ. ನನಗೆ ಈ ಕ್ರಮದ ಮೇಲೆ ನಿಜವಾದ ಗೌರವವಿದೆ. ಆದರೆ ಜೀವವಿರುವ ಪುಸ್ತಕಕ್ಕೆ ಮಗುವನ್ನು ಒಲಿಸಿಕೊಳ್ಳುವ ಶಕ್ತಿ ಇರುತ್ತದೆ. ಪಠ್ಯಪುಸ್ತಕದ ತಪ್ಪು ಪರೀಕ್ಷೆ ಮುಗಿದ ಮೇಲೆ ಮರೆತುಹೋಗುತ್ತದೆ. ಪ್ರೀತಿಯ ಪುಸ್ತಕದ ತಪ್ಪು ದೊಡ್ಡವರಾದ ಮೇಲೂ ಮನಸ್ಸಿನಲ್ಲಿ ಉಳಿಯುತ್ತದೆ.

ಲಾರಾ ಹುಟ್ಟಿದ್ದು 1867ರಲ್ಲಿ, ವಿಸ್ಕಾನ್ಸಿನ್‌ನ ಪೆಪಿನ್ ಬಳಿ. ಮೊದಲ ಪುಸ್ತಕ ಹೊರಬಂದದ್ದು 1932ರಲ್ಲಿ, ಆಕೆಗೆ ಅರವತ್ತೈದು ಆಗಿದ್ದಾಗ, ಎಂಟನೆಯದು 1943ರಲ್ಲಿ. ಮಗಳು ರೋಸ್ ವೈಲ್ಡರ್ ಲೇನ್ ಹಸ್ತಪ್ರತಿಗಳನ್ನು ತಿದ್ದಿ ರೂಪಿಸಿದಳು. ಈ ಪುಸ್ತಕಗಳ ದೊಡ್ಡ ಗುಣ ಯಾವುದು ಎಂದು ಕೇಳಿದರೆ ದುಡಿಮೆಯ ವಿವರ ಎನ್ನುತ್ತೇನೆ. ಚಳಿಗಾಲದಲ್ಲಿ ಬೆಣ್ಣೆ ಬಿಳಿಚಿಕೊಳ್ಳುತ್ತದೆ ಎಂದು ಅಮ್ಮ ಗಜ್ಜರಿಯನ್ನು ತುರಿದು ಹಾಲಿನಲ್ಲಿ ಕಾಸಿ, ಹಿಂಡಿ, ಆ ಬಣ್ಣವನ್ನು ಕೆನೆಗೆ ಸೇರಿಸುತ್ತಾಳೆ. ಅಪ್ಪ ಒಂದೂ ಮೊಳೆಯಿಲ್ಲದೆ ಮರದ ಗೂಟ, ತೊಗಲಿನ ಕೀಲುಗಳಿಂದ ಬಾಗಿಲು ಮಾಡುತ್ತಾನೆ. ಯಾವ ತೂತು ಎಲ್ಲಿ, ಯಾವ ಗೂಟ ಎಲ್ಲಿಗೆ ಎಂದು ಹುಡುಗಿ ನೋಡುತ್ತ ನಿಂತಿರುತ್ತಾಳೆ, ಓದುವ ಮಗುವೂ ನಿಂತಿರುತ್ತದೆ. ಬಾವಿ ತೋಡುವಾಗ ಪ್ರತಿ ಬೆಳಿಗ್ಗೆ ಮೊದಲು ಮೇಣದಬತ್ತಿ ಇಳಿಬಿಡಬೇಕು, ಅದು ಆರಿದರೆ ಕೆಳಗೆ ಕೆಟ್ಟ ಗಾಳಿ ಇದೆ ಎಂದರ್ಥ. ಇದನ್ನು ಹುಚ್ಚುತನವೆಂದು ಕಡೆಗಣಿಸಿ ಇಳಿದ ನೆರೆಮನೆಯಾತ ಉಸಿರುಗಟ್ಟಿ ಬೀಳುತ್ತಾನೆ. ವಿಜ್ಞಾನ, ಕೈಗೆಲಸ, ಮನುಷ್ಯನ ಹಟ, ಎಲ್ಲ ಒಂದೇ ಅಧ್ಯಾಯದಲ್ಲಿ. 1880–81ರ ಚಳಿಗಾಲದ ಪುಸ್ತಕದಲ್ಲಿ ಹಿಮಬಿರುಗಾಳಿಗೆ ರೈಲು ನಿಂತು, ಡಿ ಸ್ಮೆಟ್ ಎಂಬ ಪುಟ್ಟ ಊರು ಹಸಿವಿನ ಅಂಚಿಗೆ ಬರುತ್ತದೆ. ಸೌದೆಯಿಲ್ಲದೆ ಒಣಹುಲ್ಲನ್ನು ಹೊಸೆದು ಹೊಸೆದು ಒಲೆಗೆ ಹಾಕುತ್ತಾರೆ, ಗೋಧಿಯನ್ನು ಕಾಫಿ ಬೀಜ ಪುಡಿಮಾಡುವ ಯಂತ್ರದಲ್ಲಿ ಸರದಿಯ ಮೇಲೆ ಬೀಸುತ್ತಾರೆ. ಹಿಂದಿನವರು ಹೇಗೆ ಬದುಕಿದರು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠವನ್ನು ನಾನು ಕಂಡಿಲ್ಲ. ಲಾರಾ ಪುಸ್ತಕಗಳ ಸುತ್ತಲೇ ಇಡೀ ವರ್ಷದ ಪಾಠ ಹೆಣೆದ ಮಾರ್ಗದರ್ಶಿಗಳು ಮನೆಶಾಲೆಯವರಿಗಾಗಿ ಬಂದಿರುವುದು ಸುಮ್ಮನೆ ಅಲ್ಲ.

ಈಗ ಕಷ್ಟದ ಭಾಗಕ್ಕೆ ಬರುತ್ತೇನೆ. ಸರಣಿಯಲ್ಲಿ ಅತಿ ಹೆಚ್ಚು ಪ್ರಸಿದ್ಧವಾದದ್ದು 1935ರ ಹುಲ್ಲುಗಾವಲಿನ ಪುಸ್ತಕ. ಅದು ನಡೆಯುವುದು ಕ್ಯಾನ್ಸಸ್‌ನಲ್ಲಿ. ಇಂಗಲ್ಸ್ ಕುಟುಂಬ 1869ರಿಂದ 1871ರವರೆಗೆ ಅಲ್ಲಿತ್ತು, 1870ರ ಜನಗಣತಿಯಲ್ಲೂ ಅವರ ಹೆಸರಿದೆ. ಅವರು ಮನೆ ಕಟ್ಟಿದ ಜಾಗ ಒಸೇಜ್ ಎಂಬ ಮೂಲನಿವಾಸಿ ಜನರಿಗೆ ಒಪ್ಪಂದದಿಂದ ಉಳಿದಿದ್ದ ಮೀಸಲು ನೆಲ. ಹೋಮ್‌ಸ್ಟೆಡ್ ಕಾಯ್ದೆ ಅಲ್ಲಿಗೆ ಅನ್ವಯಿಸುತ್ತಲೇ ಇರಲಿಲ್ಲ. ನಮ್ಮ ಕಂದಾಯ ಇಲಾಖೆಯ ಮಾತಿನಲ್ಲಿ ಹೇಳುವುದಾದರೆ ಅದು ಒತ್ತುವರಿ. ಸಾವಿರಾರು ಕುಟುಂಬಗಳು ಹೀಗೆ ನುಗ್ಗಿದವು. ಬೇಸಗೆಯ ಬೇಟೆಗೆ ಹೋದ ಒಸೇಜ್ ಜನ ಹಿಂದಿರುಗುವಷ್ಟರಲ್ಲಿ ತಮ್ಮ ನೆಲದಲ್ಲಿ ಬೇರೆಯವರ ಬೇಲಿ, ಬೇರೆಯವರ ಜೋಳ. 1870ರಲ್ಲಿ ಅಮೆರಿಕದ ಸಂಸತ್ತು ಕಾನೂನು ಮಾಡಿತು. ಎಕರೆಗೆ ಒಂದೂಕಾಲು ಡಾಲರ್‌ನಂತೆ ಆ ನೆಲ ವಲಸಿಗರಿಗೆ ಮಾರಾಟಕ್ಕೆ ಬಂತು, ಒಸೇಜ್ ಜನ ದಕ್ಷಿಣಕ್ಕೆ, ಇಂದಿನ ಓಕ್ಲಹೋಮಕ್ಕೆ ಹೊರಟರು. ಅವರು ಸಾಲುಸಾಲಾಗಿ ಹೊರಟುಹೋಗುವ ದೃಶ್ಯ ಲಾರಾಳ ಪುಸ್ತಕದಲ್ಲಿ ಇದೆ, ಅದು ಮನಕರಗುವಂತೆಯೂ ಇದೆ. ಯಾಕೆ ಹೊರಟರು ಎಂಬುದು ಮಾತ್ರ ಇಲ್ಲ. ಅದಕ್ಕೂ ಮೊದಲಿನ ಪುಟಗಳಲ್ಲಿ ಅವರು ಬರುವುದು ಹೆದರಿಸುವವರಾಗಿ, ನಾರುವ ಚರ್ಮ ಉಟ್ಟವರಾಗಿ, ಊಟ ಕಸಿಯುವವರಾಗಿ. ಮೂಲನಿವಾಸಿಗಳನ್ನು ಇಂಡಿಯನ್ನರೆಂದು ಕರೆಯುತ್ತಿದ್ದ ಆ ಕಾಲದ, ಸತ್ತ ಇಂಡಿಯನ್ನೇ ಒಳ್ಳೆಯವನು ಎಂಬ ಅರ್ಥದ ಕ್ರೂರ ಮಾತನ್ನು ನೆರೆಯ ಹೆಂಗಸೊಬ್ಬಳು ಆಡುತ್ತಾಳೆ. ಅಪ್ಪ ಅದನ್ನು ಒಪ್ಪುವುದಿಲ್ಲ, ನಿಜ. ಆದರೆ ಬಿಳಿಯರು ಬಂದ ಮೇಲೆ ಇಂಡಿಯನ್ನರು ಜಾಗ ಖಾಲಿಮಾಡಬೇಕಾದದ್ದೇ ಎಂಬುದರಲ್ಲಿ ಅವನಿಗೂ ಸಂಶಯವಿಲ್ಲ.

ಪುಸ್ತಕದ ಮೊದಲ ಮುದ್ರಣದಲ್ಲಿ ಆ ಸೀಮೆಯನ್ನು ಬಣ್ಣಿಸುವಾಗ, ಅಲ್ಲಿ ಜನರೇ ಇರಲಿಲ್ಲ, ಇಂಡಿಯನ್ನರು ಮಾತ್ರ ಇದ್ದರು ಎಂಬ ಅರ್ಥ ಬರುವ ಮಾತಿತ್ತು. ಹದಿನೇಳು ವರ್ಷ ಯಾವ ಸಂಪಾದಕರ ಕಣ್ಣಿಗೂ ಅದು ಬಿದ್ದಿರಲಿಲ್ಲ. 1952ರಲ್ಲಿ ಓದುಗರೊಬ್ಬರು ಪ್ರಕಾಶಕರಿಗೆ ಕಾಗದ ಬರೆದ ಮೇಲೆ ಅದು ಬಯಲಾಯಿತು. ವಯಸ್ಸಾಗಿದ್ದ ವೈಲ್ಡರ್ ತಮ್ಮ ತಪ್ಪನ್ನು ಕೂಡಲೇ ಒಪ್ಪಿಕೊಂಡರು. 1953ರ ಹೊಸ ಮುದ್ರಣದಿಂದ, ಜನರಿರಲಿಲ್ಲ ಎಂಬಲ್ಲಿ ವಲಸಿಗರಿರಲಿಲ್ಲ ಎಂದಾಯಿತು. ಒಂದು ಪದ ಬದಲಾಯಿತು, ಪುಸ್ತಕದ ದೃಷ್ಟಿ ಅಲ್ಲೇ ನಿಂತಿತು. 1998ರಲ್ಲಿ ಮಿನೆಸೋಟದಲ್ಲಿ ದಕೋಟಾ ಎಂಬ ಮೂಲನಿವಾಸಿ ಸಮುದಾಯದ ಇತಿಹಾಸಕಾರ್ತಿ ವಾಜಿಯಾತವಿನ್ ಅವರ ಎಳೆಯ ಮಗಳು, ತರಗತಿಯಲ್ಲಿ ಈ ಪುಸ್ತಕ ಓದಿಸಿದ ದಿನ ಅಳುತ್ತ ಮನೆಗೆ ಬಂದಳು. ತಾಯಿ ಶಾಲಾ ಮಂಡಳಿಯ ಮುಂದೆ ಹೋಗಿ ಪುಸ್ತಕವನ್ನು ಪ್ರಶ್ನಿಸಿದರು.

ಈ ಘಟನೆಯನ್ನು ನಾನು ಹೇಳುವುದಕ್ಕೆ ಕಾರಣವಿದೆ. ಶಾಲೆಯಲ್ಲಿ ಅಂಥ ಒಂದು ಮಗು ಕೂತಿರುವ ಸಾಧ್ಯತೆಯಾದರೂ ಇರುತ್ತದೆ. ಅದರ ಮುಖ ನೋಡಿ ಶಿಕ್ಷಕಿ ತಡೆದಾಳು, ಪಕ್ಕದ ಹುಡುಗ ಯೋಚಿಸಿಯಾನು. ಮನೆಶಾಲೆಯಲ್ಲಿ ಅಡುಗೆಮನೆಯ ಮೇಜಿನ ಸುತ್ತ ಕೂತವರೆಲ್ಲ ಒಂದೇ ಮನೆಯವರು. ನೋವಾಗುವ ಮಗು ಅಲ್ಲಿ ಇರುವುದೇ ಇಲ್ಲ, ಹಾಗಾಗಿ ನೋವಾಯಿತು ಎಂದು ಯಾರಿಗೂ ಗೊತ್ತಾಗುವುದಿಲ್ಲ. ಅದಕ್ಕೇ ನಾನು ತಾಯಂದಿರಿಗೆ ಹೇಳುತ್ತಿದ್ದದ್ದು: ನಿಮ್ಮ ಶಾಲೆಯಲ್ಲಿ ಸಹಪಾಠಿಗಳಿಲ್ಲ, ಆದ್ದರಿಂದ ಪುಸ್ತಕಗಳೇ ಸಹಪಾಠಿಗಳಾಗಬೇಕು. ಲಾರಾಳನ್ನು ಕರೆದು ಕೂರಿಸಿದ ಬೆಂಚಿನ ಮೇಲೆ ಇನ್ನೂ ಮೂರು ನಾಲ್ಕು ಮಕ್ಕಳಿಗೆ ಜಾಗ ಮಾಡಿ.

ಅವರಲ್ಲಿ ಮೊದಲನೆಯವಳು ಒಮಕಾಯಾಸ್. ಲೂಯಿಸ್ ಎರ್ಡ್ರಿಚ್ ಅವರು 1999ರಲ್ಲಿ ಬರೆದ ‘ದಿ ಬರ್ಚ್‌ಬಾರ್ಕ್ ಹೌಸ್’ ಪುಸ್ತಕದ ಹುಡುಗಿ. ಎರ್ಡ್ರಿಚ್ ಸ್ವತಃ ಆ ಹುಡುಗಿಯಂತೆಯೇ ಒಜಿಬ್ವೆ ಎಂಬ ಮೂಲನಿವಾಸಿ ಸಮುದಾಯದವರು. ತಮ್ಮ ತಾಯಿಯೂ ತಂಗಿಯೂ ವಂಶದ ಮೂಲ ಹುಡುಕುತ್ತ ಹೋದಾಗ ಸುಪೀರಿಯರ್ ಸರೋವರದ ಮ್ಯಾಡೆಲೀನ್ ದ್ವೀಪದಲ್ಲಿ ಪೂರ್ವಿಕರ ಸುಳಿವು ಸಿಕ್ಕಿತು. ಕಥೆ ನಡೆಯುವುದು ಅದೇ ದ್ವೀಪದಲ್ಲಿ, 1847ರಲ್ಲಿ. ಬೇಸಗೆಯಿಂದ ವಸಂತದವರೆಗೆ ನಾಲ್ಕು ಋತುಗಳಲ್ಲಿ ಪುಸ್ತಕ ಸಾಗುತ್ತದೆ. ಬೇಸಗೆಗೆ ಬರ್ಚ್ ಮರದ ತೊಗಟೆ ಹೊದಿಸಿ ಹೊಸ ಮನೆ ಕಟ್ಟುತ್ತಾರೆ, ಶರತ್ಕಾಲದಲ್ಲಿ ದೋಣಿಯಲ್ಲಿ ಹೋಗಿ ಕೆರೆಯ ಕಾಡುಭತ್ತ ಬಡಿದು ತರುತ್ತಾರೆ, ಚಳಿಗಾಲಕ್ಕೆ ಪಟ್ಟಣದ ಬಳಿಯ ಮರದ ಮನೆಗೆ ಬರುತ್ತಾರೆ, ವಸಂತದಲ್ಲಿ ಮೇಪಲ್ ಮರಗಳಿಂದ ರಸ ಇಳಿಸಿ ಸಕ್ಕರೆ ಕಾಯಿಸುತ್ತಾರೆ. ಚರ್ಮ ಹದಮಾಡುವ ಬೇಸರದ ಕೆಲಸ ತಪ್ಪಿಸಿಕೊಳ್ಳಲು ನೆಪ ಹುಡುಕುವ ಒಮಕಾಯಾಸ್, ತುಂಟ ತಮ್ಮ, ಚೆಲುವೆಯೆಂದು ಬೀಗುವ ಅಕ್ಕ, ಗಿಡಮೂಲಿಕೆ ಬಲ್ಲ ಅಜ್ಜಿ, ಸಾಕಿದ ಕಾಗೆ. ನಮ್ಮ ಮನೆಗಳ ಮಕ್ಕಳು ಈ ಮನೆಯೊಳಗೆ ಒಂದು ಕ್ಷಣವೂ ಪರಕೀಯರಾಗುವುದಿಲ್ಲ.

ಇಲ್ಲಿ ಒಂದು ಪಾಠದ ಸಾಧ್ಯತೆ ಇದೆ. ಲಾರಾಳ ಮೊದಲ ಪುಸ್ತಕವೂ ವಿಸ್ಕಾನ್ಸಿನ್‌ನ ಕಾಡಿನದ್ದೇ. ಅದರಲ್ಲೂ ಅಜ್ಜನ ಮನೆಯಲ್ಲಿ ಮೇಪಲ್ ಸಕ್ಕರೆ ಕಾಯಿಸುವ ಹಬ್ಬ ಬರುತ್ತದೆ. ಕುಣಿತವಿದೆ, ಹಿಮದ ಮೇಲೆ ಪಾಕ ಸುರಿದು ತಿನ್ನುವ ಸಂಭ್ರಮವಿದೆ. ಆ ಅಧ್ಯಾಯವನ್ನೂ ಒಮಕಾಯಾಸಳ ವಸಂತದ ಅಧ್ಯಾಯವನ್ನೂ ಒಂದೇ ವಾರದಲ್ಲಿ ಓದಿ. ಒಂದೇ ಬಗೆಯ ಮರ, ಅದೇ ರಸ. ಈ ವಿದ್ಯೆಯನ್ನು ಮೊದಲು ಬಲ್ಲವರು ಯಾರು, ಬಿಳಿಯರು ಯಾರಿಂದ ಕಲಿತರು ಎಂದು ಮಗುವೇ ಕೇಳುತ್ತದೆ. ಲಾರಾ ಹುಟ್ಟಿದ ಪೆಪಿನ್ ಸೀಮೆಯನ್ನು ದಕೋಟಾ ಜನ 1837ರ ಒಪ್ಪಂದದಲ್ಲಿ ಬಿಟ್ಟುಕೊಟ್ಟಿದ್ದರು ಎಂದು ಆಗ ಹೇಳಿದರೆ, ಲಾರಾಳ ‘ದೊಡ್ಡ ಕಾಡು’ ಯಾಕೆ ಅಷ್ಟು ಖಾಲಿಯಾಗಿ ಕಾಣುತ್ತದೆ ಎಂಬುದು ಒಂಬತ್ತು ವರ್ಷದ ಮಗುವಿಗೂ ಅರ್ಥವಾಗುತ್ತದೆ. ರೋಗದ ಅಧ್ಯಾಯಗಳನ್ನೂ ಹಾಗೆಯೇ ಜೊತೆಗಿಡಬಹುದು. ಕ್ಯಾನ್ಸಸ್‌ನಲ್ಲಿ ಇಂಗಲ್ಸ್ ಮನೆಯವರೆಲ್ಲ ಚಳಿಜ್ವರದಲ್ಲಿ ಮಲಗುತ್ತಾರೆ, ಅದು ಮಲೇರಿಯಾ. ಕಲ್ಲಂಗಡಿ ತಿಂದದ್ದೇ ಕಾರಣ ಎಂದು ನೆರೆಯವರು ನಂಬುತ್ತಾರೆ. ದ್ವೀಪದ ಚಳಿಗಾಲಕ್ಕೆ ಬರುವುದು ಸಿಡುಬು. ಅದು ಒಮಕಾಯಾಸಳ ಇನ್ನೊಬ್ಬ ತಮ್ಮನನ್ನು, ಮನೆಯ ಕೂಸನ್ನು, ಒಯ್ಯುತ್ತದೆ. ಈ ಭಾಗವನ್ನು ಮಗುವಿನ ಕೈಗೆ ಕೊಟ್ಟು ಎದ್ದುಹೋಗಬೇಡಿ, ಪಕ್ಕದಲ್ಲಿ ಕೂತು ನೀವೇ ಓದಿ. ಈ ಸರಣಿ ಐದು ಪುಸ್ತಕಗಳವರೆಗೆ ಬೆಳೆದಿದೆ. ಎರಡನೆಯದು, 2005ರ ‘ದಿ ಗೇಮ್ ಆಫ್ ಸೈಲೆನ್ಸ್’, ಒಜಿಬ್ವೆ ಜನರನ್ನು ಪಶ್ಚಿಮಕ್ಕೆ ಎಬ್ಬಿಸಲು ಹೊರಟ 1850ರ ಸರ್ಕಾರಿ ಆದೇಶದ ಕಾಲದ್ದು. ಈ ಐದೂ ಪುಸ್ತಕಗಳು ಕನ್ನಡದಲ್ಲಿ ಲಾರಾಳ ಪಕ್ಕದಲ್ಲಿ ನಿಲ್ಲಬೇಕು ಎಂಬುದು ನನ್ನ ದೊಡ್ಡ ಆಸೆ. ಅನುವಾದಕರು ಇಲ್ಲಿದ್ದರೆ ದಯವಿಟ್ಟು ಇದನ್ನು ವಿನಂತಿಯೆಂದು ಸ್ವೀಕರಿಸಿ.

ಚಳಿಜ್ವರದ ಮಾತು ಬಂತಲ್ಲ, ಆ ಮನೆಯವರಿಗೆ ಔಷಧಿ ಕೊಟ್ಟು ಉಳಿಸಿದವರು ಜಾರ್ಜ್ ಟ್ಯಾನ್ ಎಂಬ ಕಪ್ಪು ವೈದ್ಯರು. ಪುಸ್ತಕದಲ್ಲಿ ಅವರು ಬಂದುಹೋಗುವುದು ಕೆಲವೇ ಪುಟಗಳಲ್ಲಿ, ಆದರೆ ನಿಜವಾಗಿ ಇದ್ದವರು. ಹುಲ್ಲುಗಾವಲಿಗೆ ಹೋದವರೆಲ್ಲ ಬಿಳಿಯರಲ್ಲ ಎಂಬುದಕ್ಕೆ ಅವರೇ ಬಾಗಿಲು. ಗುಲಾಮಗಿರಿಯಿಂದ ಬಿಡುಗಡೆಯಾಗಿದ್ದ ಕಪ್ಪು ಜನ 1877ರಲ್ಲಿ ಕ್ಯಾನ್ಸಸ್‌ನಲ್ಲಿ ನಿಕೊಡೆಮಸ್ ಎಂಬ ಊರು ಕಟ್ಟಿದರು. ಬಾರ್ಬರಾ ಬ್ರೆನ್ನರ್ 1978ರಲ್ಲಿ ಬರೆದ ‘ವ್ಯಾಗನ್ ವೀಲ್ಸ್’ ಆ ಊರಿಗೆ ಬಂದ ತಂದೆ ಮತ್ತು ಮೂವರು ಹುಡುಗರ ಕಥೆ, ನಿಜ ಘಟನೆಯ ಮೇಲೆ ನಿಂತದ್ದು. ಆಗತಾನೇ ಓದಲು ಕಲಿತ ಮಗು ತಾನೇ ಓದಬಹುದಾದಷ್ಟು ಸರಳ ಭಾಷೆ. ನೆಲದೊಳಗೆ ತೋಡಿದ ಮನೆಯಲ್ಲಿ ಹಸಿದು ಕೂತ ಊರಿಗೆ ಆ ಚಳಿಗಾಲದಲ್ಲಿ ಆಹಾರ ತಂದು ಕೊಡುವವರು ಒಸೇಜ್ ಜನ. ಲಾರಾಳ ಮನೆಯಲ್ಲಿ ಊಟ ಕಸಿದವರೆಂದು ಕಂಡವರೇ ಇಲ್ಲಿ ಊಟ ಕೊಡುವವರು. ಎರಡೂ ಪುಸ್ತಕ ಓದಿದ ಮಗುವಿಗೆ ಇದನ್ನು ವಿವರಿಸಿ ಹೇಳಬೇಕಾಗಿಯೇ ಇಲ್ಲ.

ಕನ್ನಡದ ಮನೆಗಳಿಗೆ ನಾನು ವಿಶೇಷವಾಗಿ ಹೇಳುವುದು ಲಿಂಡಾ ಸೂ ಪಾರ್ಕ್ ಅವರ ‘ಪ್ರೇರಿ ಲೋಟಸ್’, 2020ರದ್ದು. ಕೊರಿಯನ್ ಮೂಲದ ಪಾರ್ಕ್ ಬಾಲ್ಯದಲ್ಲಿ ಲಾರಾಳ ಪುಸ್ತಕಗಳನ್ನು ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸಿದವರು, ತಾನು ಲಾರಾಳ ಗೆಳತಿಯೆಂದು ಕಲ್ಪಿಸಿಕೊಳ್ಳುತ್ತಿದ್ದವರು. ಆ ಕಥೆಯ ಅಮ್ಮನ ಬಾಯಿಂದ ಮೂಲನಿವಾಸಿಗಳ ಬಗ್ಗೆ ಬರುವ ಮಾತು ಕೇಳಿದಾಗ, ಕಪ್ಪು ಕೂದಲಿನ ತನ್ನನ್ನೂ ಆ ಮನೆಯೊಳಗೆ ಸೇರಿಸುತ್ತಿರಲಿಲ್ಲ ಎಂದು ಅವರಿಗೆ ಹೊಳೆಯಿತು. ದೊಡ್ಡವರಾದ ಮೇಲೆ ಬರೆದ ಈ ಕಾದಂಬರಿಯಲ್ಲಿ ಹಾನಾ ಎಂಬ ಹುಡುಗಿ 1880ರಲ್ಲಿ ಡಕೋಟಾ ಪ್ರಾಂತ್ಯದ ಪುಟ್ಟ ಪಟ್ಟಣಕ್ಕೆ ಬರುತ್ತಾಳೆ. ಅಪ್ಪ ಬಿಳಿಯ, ತೀರಿಕೊಂಡ ಅಮ್ಮ ಚೀನಾದಿಂದ ಬಂದವಳು. ಹುಡುಗಿಗೆ ಶಾಲೆ ಮುಗಿಸುವ, ಬಟ್ಟೆ ಹೊಲಿದು ಅಂಗಡಿಯಲ್ಲಿ ಹೆಸರು ಮಾಡುವ ಹಂಬಲ. ಅವಳು ತರಗತಿಗೆ ಬಂದಳೆಂದು ಊರವರು ತಮ್ಮ ಮಕ್ಕಳನ್ನು ಶಾಲೆ ಬಿಡಿಸುತ್ತಾರೆ. ಕಥೆಯ ಕಾಲಕ್ಕೆ ಎರಡೇ ವರ್ಷಗಳ ನಂತರ, 1882ರಲ್ಲಿ, ಚೀನೀ ಕಾರ್ಮಿಕರು ದೇಶದೊಳಗೆ ಬರಬಾರದೆಂಬ ಕಾಯ್ದೆಯಾಯಿತು. ಅದಕ್ಕೆ ಹಿಂದಿನ ಚೀನೀ ದುಡಿಮೆಯ ಕಥೆ ಬೇಕಾದರೆ ಲಾರೆನ್ಸ್ ಯೆಪ್ ಅವರ ‘ಡ್ರ್ಯಾಗನ್ಸ್ ಗೇಟ್’ ಇದೆ, ಪಶ್ಚಿಮಕ್ಕೆ ರೈಲುಹಾದಿ ಹಾಸಲು ಬೆಟ್ಟ ಕೊರೆದವರದ್ದು. ಸ್ವಲ್ಪ ದೊಡ್ಡ ಮಕ್ಕಳಿಗೆ. ಅಮೆರಿಕದಲ್ಲಿ ಹುಟ್ಟಿದ ಕನ್ನಡದ ಮಗು ಪಯನೀಯರ್ ಕಥೆ ಓದುತ್ತ ಒಂದಲ್ಲ ಒಂದು ದಿನ, ಈ ಊರಲ್ಲಿ ನನ್ನನ್ನು ಎಲ್ಲಿ ಕೂರಿಸುತ್ತಿದ್ದರು ಎಂದು ಕೇಳಿಯೇ ಕೇಳುತ್ತದೆ. ಆ ಪ್ರಶ್ನೆಗೆ ಹಾನಾ ಉತ್ತರ ಕೊಡುತ್ತಾಳೆ. ಇನ್ನೊಂದು ಪ್ರಶ್ನೆಯನ್ನು ಅಪ್ಪ ಅಮ್ಮ ತಾವೇ ಎತ್ತಬೇಕು: ನಾವು ಈಗ ಮನೆ ಕೊಂಡಿರುವ ನೆಲ ಯಾರದ್ದಾಗಿತ್ತು? ದಕ್ಷಿಣ ಮಿನೆಸೋಟದಲ್ಲಿ ಇರುವವರಿಗೆ ಉತ್ತರ 1851ರ ಒಪ್ಪಂದಗಳಲ್ಲಿ ಇದೆ, ದಕೋಟಾ ಜನರದ್ದು. ಮಾತಿಗೆ ತಪ್ಪಿದ ಸರ್ಕಾರ, ಹಸಿವು, 1862ರ ಯುದ್ಧ, ಅದೇ ವರ್ಷದ ಡಿಸೆಂಬರ್ 26ರಂದು ಮ್ಯಾಂಕೇಟೊದಲ್ಲಿ 38 ದಕೋಟಾ ಗಂಡಸರಿಗೆ ಒಟ್ಟಿಗೆ ನೇಣು, ನಂತರ ಉಳಿದವರ ಗಡೀಪಾರು. ಇದಾಗಿ ಹನ್ನೆರಡು ವರ್ಷ ತುಂಬುವ ಮೊದಲೇ ಇಂಗಲ್ಸ್ ಕುಟುಂಬ ಅದೇ ಸೀಮೆಯ ಪ್ಲಮ್ ತೊರೆಯ ದಂಡೆಗೆ ಬಂದಿಳಿಯಿತು.

ಬೇಡ ಎನ್ನಬೇಕಾದ ಪುಸ್ತಕಗಳೂ ಇವೆ. ಕ್ಯಾರೊಲ್ ರೈರಿ ಬ್ರಿಂಕ್ ಅವರ ‘ಕ್ಯಾಡಿ ವುಡ್‌ಲಾನ್’ 1936ರಲ್ಲಿ ಮಕ್ಕಳ ಸಾಹಿತ್ಯದ ನ್ಯೂಬೆರಿ ಪದಕ ಪಡೆದದ್ದು. ಗಂಡುಹುಡುಗರ ಜೊತೆ ಕಾಡು ಸುತ್ತುವ ದಿಟ್ಟ ಹುಡುಗಿಯ ಕಥೆ ಎಂದು ಇಂದಿಗೂ ಪಟ್ಟಿಗಳಲ್ಲಿ ಬರುತ್ತದೆ. ಅದರಲ್ಲಿ ಮೂಲನಿವಾಸಿಗಳು ದೊಡ್ಡ ಮಕ್ಕಳಂತೆ, ಬಿಳಿಯ ಹುಡುಗಿಯ ಕೃಪೆಗೆ ಕಾದವರಂತೆ ಇದ್ದಾರೆ. ಹುಡುಗಿಯ ದಿಟ್ಟತನಕ್ಕೆ ಬೇರೆ ಪುಸ್ತಕಗಳು ಸಿಗುತ್ತವೆ. ನಾನು ಇದನ್ನು ಕೊಡುವುದಿಲ್ಲ. ಇನ್ನೂ ಹೆಚ್ಚು ಎಚ್ಚರ ಬೇಕಾದದ್ದು ದಿನಚರಿಯ ವೇಷದಲ್ಲಿ ಬರುವ ಕಾದಂಬರಿಗಳ ವಿಷಯದಲ್ಲಿ. ಹಳೆಯ ದಿನಚರಿಯಂತೆ ಕಾಣುವ ರಟ್ಟು, ರಿಬ್ಬನ್ನು, ಕೊನೆಯಲ್ಲಿ ನಿಜ ಎನಿಸುವ ಉಪಸಂಹಾರ, ಇದನ್ನೆಲ್ಲ ಕಂಡ ಮಗು ಯಾವುದೋ ಹುಡುಗಿ ಆಗ ಬರೆದಿಟ್ಟದ್ದು ಎಂದೇ ನಂಬುತ್ತದೆ. ಅಂಥ ಸರಣಿಯೊಂದರಲ್ಲಿ 1999ರಲ್ಲಿ ಆನ್ ರಿನಾಲ್ಡಿ ಬರೆದ ಪುಸ್ತಕ ಕಾರ್ಲೈಲ್ ವಸತಿಶಾಲೆಯ ಕುರಿತದ್ದು. ಮೂಲನಿವಾಸಿ ಮಕ್ಕಳನ್ನು ಮನೆಗಳಿಂದ ತಂದು, ಕೂದಲು ಕತ್ತರಿಸಿ, ಅವರ ಭಾಷೆ ಬಿಡಿಸಿದ ಶಾಲೆ ಅದು, 1879ರಲ್ಲಿ ಆರಂಭವಾದದ್ದು. ಅಲ್ಲೇ ಸತ್ತು ಅಲ್ಲೇ ಹೂಳಲ್ಪಟ್ಟ ಮಕ್ಕಳ ಸಮಾಧಿಕಲ್ಲುಗಳ ಮೇಲಿನ ಹೆಸರುಗಳನ್ನು ಲೇಖಕಿ ತನ್ನ ಪಾತ್ರಗಳಿಗೆ ಇಟ್ಟುಕೊಂಡರು, ಆ ಶಾಲೆಯನ್ನು ಕೊನೆಗೆ ಹಿತವಾದ ಅನುಭವವಾಗಿಸಿದರು. ನಂಬೆ ಪ್ಯೂಬ್ಲೊ ಸಮುದಾಯದ ವಿದ್ವಾಂಸೆ ಡೆಬ್ಬಿ ರೀಸ್ ಮತ್ತು ಅವರ ಜೊತೆಗಾರ್ತಿಯರು ಇದರ ವಿರುದ್ಧ ಬರೆದ ದೀರ್ಘ ವಿಮರ್ಶೆ ಮಕ್ಕಳ ಪುಸ್ತಕ ಆರಿಸುವ ಪ್ರತಿಯೊಬ್ಬರೂ ಓದಬೇಕಾದದ್ದು. ಪುಸ್ತಕ ಕೊಳ್ಳುವ ಮೊದಲು ಕೊನೆಯ ಪುಟಗಳಿಗೆ ಹೋಗಿ ಲೇಖಕರ ಟಿಪ್ಪಣಿ ನೋಡಿ. ಯಾವುದು ನಡೆದದ್ದು, ಯಾವುದು ಕಟ್ಟಿದ್ದು, ಯಾರನ್ನು ಕೇಳಿ ಬರೆದದ್ದು ಎಂದು ಅಲ್ಲಿ ನೇರವಾಗಿ ಹೇಳಿದ್ದರೆ ಅರ್ಧ ಭಯ ಹೋದಂತೆ. ಒಳಗಿನ ಪುಟಗಳಲ್ಲಿ ಮೂಲನಿವಾಸಿಗಳಿಗೆ ಹೆಸರಿದೆಯೇ, ಅವರಿಗೂ ಅಡುಗೆ, ಅಜ್ಜಿ, ಜಗಳ, ನಗು ಇವೆಯೇ, ಅಥವಾ ಗುಂಪಾಗಿ ಬಂದು ಗುಂಪಾಗಿ ಮಾಯವಾಗುತ್ತಾರೆಯೇ ಎಂದು ನೋಡಿ.

ಲಾರಾಳ ಪುಸ್ತಕಗಳೂ ಕಾದಂಬರಿಗಳೇ. ಮನೆಶಾಲೆಯ ಇತಿಹಾಸ ಪಾಠಕ್ಕೆ ಇದೊಂದು ವರವೆಂದೇ ನನ್ನ ಭಾವನೆ. ಕ್ಯಾನ್ಸಸ್‌ನಲ್ಲಿ ಇದ್ದಾಗ ಅವಳಿಗೆ ಎರಡು, ಮೂರು ವರ್ಷ. ಪುಸ್ತಕದ ಲಾರಾ ಅದಕ್ಕಿಂತ ದೊಡ್ಡವಳು. ತಂಗಿ ಕ್ಯಾರಿ ನಿಜವಾಗಿ ಹುಟ್ಟಿದ್ದು ಕ್ಯಾನ್ಸಸ್‌ನಲ್ಲೇ, 1870ರ ಆಗಸ್ಟ್‌ನಲ್ಲಿ. ಪುಸ್ತಕದಲ್ಲಿ ಗಾಡಿಯಲ್ಲೇ ಬಂದಿರುತ್ತಾಳೆ. ಸೈನಿಕರು ಎಬ್ಬಿಸಲು ಬರುತ್ತಾರೆಂದು ಅಪ್ಪ ಹೊರಟ ಎಂದು ಕಥೆ ಹೇಳುತ್ತದೆ. ವಿಸ್ಕಾನ್ಸಿನ್‌ನ ಮನೆ ಕೊಂಡವನು ಹಣ ಪೂರ್ತಿ ಕೊಡಲಾಗದೆ ಮನೆ ವಾಪಸಾದದ್ದು ಹಿಂದಿರುಗಲು ಒಂದು ಕಾರಣವಾಗಿತ್ತು. ಒಂಬತ್ತು ತಿಂಗಳಿಗೇ ತೀರಿಕೊಂಡ ತಮ್ಮನೊಬ್ಬನಿದ್ದ, ಅಯೋವಾದ ಬರ್ ಓಕ್‌ನಲ್ಲಿ ಹೋಟೆಲಿನ ಕೆಲಸಕ್ಕೆ ನಿಂತು ಕಳೆದ ದಿನಗಳಿದ್ದವು. ಸರಣಿಯಲ್ಲಿ ಎರಡೂ ಇಲ್ಲ. ಲಾರಾ ದೊಡ್ಡವರಿಗೆಂದು ಬರೆದಿದ್ದ ಆತ್ಮಕಥೆ ‘ಪಯನೀಯರ್ ಗರ್ಲ್’ 2014ರಲ್ಲಿ ವಿವರವಾದ ಟಿಪ್ಪಣಿಗಳೊಂದಿಗೆ ಅಚ್ಚಾಯಿತು. ಕ್ಯಾರೊಲೈನ್ ಫ್ರೇಸರ್ ಬರೆದ ಲಾರಾಳ ಜೀವನಚರಿತ್ರೆ ‘ಪ್ರೇರಿ ಫೈರ್ಸ್’ 2018ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆಯಿತು. ಇವೆರಡನ್ನೂ ಕಲಿಸುವವರು ತಾವು ಓದಿಕೊಂಡಿದ್ದರೆ ಸಾಕು. ಹನ್ನೆರಡು ದಾಟಿದ ಮಕ್ಕಳಿಗೆ ಜನಗಣತಿಯ ಹಾಳೆಯನ್ನೂ ಕಥೆಯನ್ನೂ ಎದುರುಬದುರು ಇಟ್ಟು, ಬರಹಗಾರ್ತಿ ಇದನ್ನೇಕೆ ಬದಲಿಸಿದಳು ಎಂದು ಕೇಳಿ. ಪಾಠ ಅಲ್ಲಿಂದ ತಾನೇ ನಡೆಯುತ್ತದೆ.

ಚಿಕ್ಕವರಿಗೆ ಫೋಟೋಗಳು. ಸೊಲೊಮನ್ ಬುಚರ್ ಎಂಬಾತ 1886ರಿಂದ ನೆಬ್ರಾಸ್ಕದ ಕಸ್ಟರ್ ಕೌಂಟಿಯಲ್ಲಿ ಮನೆಮನೆಗೆ ಹೋಗಿ ಪಯನೀಯರ್ ಕುಟುಂಬಗಳ ಚಿತ್ರ ತೆಗೆದ, ಸಾವಿರಕ್ಕೂ ಮಿಕ್ಕಿ. ಹುಲ್ಲುಬೇರಿನ ಮಣ್ಣುಹೆಂಟೆ ಪೇರಿಸಿ ಕಟ್ಟಿದ ಮನೆಗಳ ಮುಂದೆ ಜನ ತಮ್ಮ ಅತ್ಯುತ್ತಮ ಬಟ್ಟೆಯಲ್ಲಿ ನಿಂತಿದ್ದಾರೆ, ಪಕ್ಕದಲ್ಲಿ ಹಸು. ಒಂದು ಚಿತ್ರದಲ್ಲಿ ಒಂದು ಕುಟುಂಬ ತನ್ನ ಆರ್ಗನ್ ವಾದ್ಯವನ್ನು ಬಯಲಿಗೆ ಎಳೆತಂದು ಅದರ ಸುತ್ತ ನಿಂತಿದೆ. ಊರಲ್ಲಿರುವ ನೆಂಟರಿಗೆ ಮಣ್ಣಿನ ಮನೆ ಕಾಣಬಾರದು, ವಾದ್ಯ ಕಾಣಬೇಕು! ಬಡತನ, ಹೆಮ್ಮೆ, ಊರಿನ ನೆನಪು ಎಲ್ಲ ಆ ಒಂದು ಫೋಟೋದಲ್ಲಿವೆ. ರಸೆಲ್ ಫ್ರೀಡ್‌ಮನ್ ಅವರ ‘ಚಿಲ್ಡ್ರನ್ ಆಫ್ ದಿ ವೈಲ್ಡ್ ವೆಸ್ಟ್’, 1983ರದ್ದು, ಇಂಥ ಹಳೆಯ ಚಿತ್ರಗಳ ಮೂಲಕವೇ ಆ ಕಾಲದ ಮಕ್ಕಳನ್ನು ತೋರಿಸುತ್ತದೆ. ಕಾಲ್ಪನಿಕ ದಿನಚರಿಗಳಿಗಿಂತ ಇದು ಎಷ್ಟೋ ಮೇಲು. ಪ್ಲಮ್ ತೊರೆಯ ಬೆಳೆಯನ್ನೆಲ್ಲ ತಿಂದುಹಾಕಿದ ಮಿಡತೆಯ ಹಿಂಡಿನ ಕಥೆಯೂ ಮಕ್ಕಳಿಗೆ ತುಂಬ ಹಿಡಿಸುತ್ತದೆ: 1873ರಿಂದ 1877ರವರೆಗೆ ಮಿನೆಸೋಟವನ್ನು ಬೋಳಿಸಿದ ರಾಕಿ ಪರ್ವತದ ಆ ಮಿಡತೆ 1902ರ ಬಳಿಕ ಜೀವಂತವಾಗಿ ಕಂಡಿಲ್ಲ, ಜಾತಿಯೇ ಅಳಿದುಹೋಯಿತು.

ಹಾಗಾದರೆ ಹುಲ್ಲುಗಾವಲಿನ ಪುಸ್ತಕವನ್ನು ಓದಿಸಬೇಕೋ ಬೇಡವೋ? ಸಭಿಕರಲ್ಲಿ ಹಲವರ ಮನಸ್ಸಿನಲ್ಲಿ ಈಗ ಇದೇ ಇದೆ ಎಂದು ಬಲ್ಲೆ. 1954ರಲ್ಲಿ ವೈಲ್ಡರ್ ಹೆಸರಿನಲ್ಲೇ ಆರಂಭವಾಗಿ ಮೊದಲು ಆಕೆಗೇ ಸಂದ ಮಕ್ಕಳ ಸಾಹಿತ್ಯದ ಪ್ರಶಸ್ತಿಯ ಹೆಸರನ್ನು ಅಮೆರಿಕದ ಗ್ರಂಥಪಾಲಕರ ಸಂಘ 2018ರಲ್ಲಿ ಬದಲಿಸಿತು. ಪುಸ್ತಕಗಳನ್ನು ಕಪಾಟಿನಿಂದ ಇಳಿಸಿರಿ ಎಂದು ಸಂಘ ಹೇಳಲಿಲ್ಲ. ನನ್ನ ನಿಲುವು ಇಷ್ಟು: ಆರೇಳು ವರ್ಷಕ್ಕೆ ದೊಡ್ಡ ಕಾಡಿನ ಪುಸ್ತಕ, ಅದರ ಜೊತೆಗೆ ‘ವ್ಯಾಗನ್ ವೀಲ್ಸ್’. ಎಂಟು, ಒಂಬತ್ತಕ್ಕೆ ಒಮಕಾಯಾಸ್. ಹುಲ್ಲುಗಾವಲಿನ ಪುಸ್ತಕ ಒಮಕಾಯಾಸ್ ಮನೆಯವಳಾದ ಮೇಲೆ, ಅದಕ್ಕೆ ಮೊದಲು ಬೇಡವೇ ಬೇಡ. ಆಗಲೂ ಮಗು ಒಂಟಿಯಾಗಿ ಓದುವುದು ಬೇಡ. ದೊಡ್ಡವರು ಗಟ್ಟಿಯಾಗಿ ಓದಬೇಕು, ನೋಯಿಸುವ ಮಾತು ಬಂದಲ್ಲಿ ನಿಲ್ಲಬೇಕು. ಆ ಸಾಲುಗಳನ್ನು ಹಾರಿಸಿ ಓದುವ ಪೋಷಕರು ಇದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಹಾರಿಸಿ ಓದಿದರೆ ಉಳಿಯುವುದು ಬೆಣ್ಣೆ, ಪಿಟೀಲು, ಬೆಚ್ಚನೆಯ ಮನೆ. ಆ ಬೆಚ್ಚನೆಯ ಬೆಲೆಯನ್ನು ಯಾರು ಕೊಟ್ಟರು ಎಂಬ ಗುಟ್ಟನ್ನು ನಾವೇ ಮುಚ್ಚಿಟ್ಟಂತಾಗುತ್ತದೆ. ಓದುವ ಮಗು ಮೂಲನಿವಾಸಿ ಕುಟುಂಬದ್ದಾದರೆ ಮಾತು ಬೇರೆ; ಆ ಪುಸ್ತಕ ಬೇಕೋ ಬೇಡವೋ ಎಂದು ತೀರ್ಮಾನಿಸುವ ಹಕ್ಕು ಆ ಮನೆಯವರದ್ದು. ಪಿಟೀಲು ಬಾರಿಸುವ ಅದೇ ಅಪ್ಪ ಸರಣಿಯ ಪಟ್ಟಣದ ಪುಸ್ತಕದಲ್ಲಿ ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರನ್ನು ಅಣಕಿಸುವ ಆಟ ಆಡುತ್ತಾನೆ ಎಂಬುದೂ ನೆನಪಿರಲಿ. ಪ್ರೀತಿಸಿದವರ ತಪ್ಪನ್ನು ನೋಡಲು ಮಕ್ಕಳಿಗೆ ಆಗುವುದಿಲ್ಲ ಎಂದು ನಾವು ಭಾವಿಸುತ್ತೇವೆ. ಅವರಿಗೆ ಆಗುತ್ತದೆ, ಪಕ್ಕದಲ್ಲಿ ಯಾರಾದರೂ ಕೂತಿದ್ದರೆ. ಮತ್ತೊಂದು ಮಾತು: ಗಾಡಿ ಕಟ್ಟುವ, ಬೆಣ್ಣೆ ಕಡೆಯುವ ಚಟುವಟಿಕೆ ಚೆನ್ನ, ಮಕ್ಕಳ ತಲೆಗೆ ಗರಿ ಕಟ್ಟಿ ಇಂಡಿಯನ್ ವೇಷ ಹಾಕಿಸುವುದು ಬೇಡ. ಒಂದು ಜನದ ಬದುಕು ನಮ್ಮ ಮಕ್ಕಳ ವೇಷವಾಗಬಾರದು.

ಕೊನೆಗೆ, ಬಹುಪಾಲು ಪಾಠಗಳು ತಪ್ಪುವ ಜಾಗ. ಗಾಡಿಗಳು ನಿಂತವು, ರೈಲು ಬಂತು, ಮೂಲನಿವಾಸಿಗಳು ಹೋದರು ಎಂದು ಪುಸ್ತಕ ಮುಚ್ಚುತ್ತೇವೆ. ಅವರು ಹೋಗಿಲ್ಲ. ಕ್ಯಾನ್ಸಸ್‌ನಿಂದ ಹೊರಟ ಒಸೇಜ್ ಜನರ ಆಡಳಿತ ಕೇಂದ್ರ ಇಂದು ಓಕ್ಲಹೋಮದ ಪಾಹಸ್ಕಾ ಪಟ್ಟಣ. 1938ರಲ್ಲಿ ಅವರು ಅಲ್ಲಿ ತೆರೆದ ವಸ್ತುಸಂಗ್ರಹಾಲಯ ಅಮೆರಿಕದಲ್ಲಿ ಮೂಲನಿವಾಸಿ ಸಮುದಾಯವೇ ನಡೆಸುವ ಅತ್ಯಂತ ಹಳೆಯದು. ಚೆರೋಕಿ ಲೇಖಕಿ ಟ್ರೇಸಿ ಸೊರೆಲ್ ಅವರ ‘ವಿ ಆರ್ ಸ್ಟಿಲ್ ಹಿಯರ್!’, 2021ರದ್ದು, ನೆಲದ ಹಕ್ಕು, ಭಾಷೆ, ಕಾನೂನುಗಳ ಹೋರಾಟವನ್ನು ಮಕ್ಕಳ ತರಗತಿಯ ಪ್ರಾತ್ಯಕ್ಷಿಕೆಯ ರೂಪದಲ್ಲೇ ಹೇಳುತ್ತದೆ. ಮಸ್ಕೋಗಿ ಲೇಖಕಿ ಸಿಂಥಿಯಾ ಲೈಟಿಕ್ ಸ್ಮಿತ್ ಅವರ ‘ಜಿಂಗಲ್ ಡ್ಯಾನ್ಸರ್’, 2000ದ್ದು, ಇಂದಿನ ಬೀದಿಯ, ಇಂದಿನ ಮನೆಯ ಹುಡುಗಿ ಅಜ್ಜಿಯಂತೆ ನೃತ್ಯ ಮಾಡಬೇಕೆಂದು ಹಂಬಲಿಸುವ ಚಿತ್ರಪುಸ್ತಕ. ಪಯನೀಯರ್ ಪಾಠದ ಕೊನೆಯ ವಾರಕ್ಕೆ ನಾನು ಇವೆರಡನ್ನೂ ಆರಿಸುತ್ತೇನೆ. ಪಾಠದ ಮೊದಲ ವಾರಕ್ಕೇ ಇವನ್ನು ತರುವ ತಾಯಂದಿರೂ ಇದ್ದಾರೆ. ಅದು ಇನ್ನೂ ಒಳ್ಳೆಯದು ಎಂದು ಈಚೆಗೆ ಅನ್ನಿಸತೊಡಗಿದೆ.